ಹಡಗಿನ ತಳದ ನೀರು, ಕೆಂಗೇರಿಯ ಹುಡುಗರು

ಕೆಂಗೇರಿಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದೀರಾ? ಕಡಲಿನ ಸುದ್ದಿ ನಮಗ್ಯಾಕೆ ಅನ್ನಬೇಡಿ. ಇಲ್ಲಿನ ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ, ಕಾವೇರಿ ಕಡಲಿಗೆ ಸೇರುತ್ತದೆ.

ಪಣಂಬೂರಿನ ನವಮಂಗಳೂರು ಬಂದರನ್ನೇ ನೋಡಿ. ಸರಕು ಇಳಿಸಿದ ಹಡಗು ಹಗುರವಾಗುತ್ತದೆ. ಸಮತೋಲನ ತಪ್ಪದಿರಲೆಂದು ತಳದ ಟ್ಯಾಂಕುಗಳಿಗೆ ಸಮುದ್ರದ ನೀರು ತುಂಬಿಸುತ್ತಾರೆ. ಇದೇ ಬ್ಯಾಲಾಸ್ಟ್ ನೀರು. ಅದರ ಜೊತೆ ಪಾಚಿ, ಪಚ್ಚಿಲೆಯಂಥ ಚಿಪ್ಪುಜೀವಿಗಳ ಮರಿಗಳೂ ಒಳಗೆ ಸೇರುತ್ತವೆ. ಅದನ್ನು ಬೇರೊಂದು ಬಂದರಿನಲ್ಲಿ ಹಾಗೇ ಸುರಿದರೆ? ಪರದೇಶದ ಜೀವಿ ಅಲ್ಲಿ ಬೇರೂರಿ ಮೀನುಗಾರರ ಹೊಟ್ಟೆಯ ಮೇಲೇ ಹೊಡೆತ. ಇದನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಆದರೆ ವಾಲ್ವ್ ತಿರುಗಿಸುವವರಿಗೆ ಅದು ಗೊತ್ತಿರಬೇಕಲ್ಲ! ಅದಕ್ಕೇ ಸಾಗರ ಶಿಕ್ಷಣ ಬೇಕು.

ಈ ಶಿಕ್ಷಣ ಹಡಗಿಗಷ್ಟೇ ಸೀಮಿತವಲ್ಲ. ಬಂದರಿಗೆ ಹತ್ತಿರದ ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಉದ್ದನೆಯ ತೊಟ್ಟಿಯೊಳಗೆ ಅಲೆ ಎಬ್ಬಿಸಿ, ತಡೆಗೋಡೆಯ ಪುಟ್ಟ ಮಾದರಿಗಳನ್ನು ಪರೀಕ್ಷಿಸುತ್ತಾರೆ.

ಹಡಗಿನಲ್ಲೇ ಕೆಲಸ ಬೇಕೇ? ಚೆನ್ನೈನಲ್ಲಿ ಕೇಂದ್ರ ಕಚೇರಿ ಇರುವ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಸಿಇಟಿ ಬರೆಯಿರಿ, ಪಿಸಿಎಂ ಓದಿರಬೇಕು. ಹುಡುಗಿಯರೂ ಬರೆಯಬಹುದು, ಬರೆಯಲೇಬೇಕು. ಖಾಸಗಿ ಕಾಲೇಜಾದರೆ ಫೀಸು ಕಟ್ಟುವ ಮೊದಲು ಕೇಂದ್ರ ಸರ್ಕಾರದ ಹಡಗು ಮಹಾನಿರ್ದೇಶನಾಲಯದ (ಡಿಜಿ ಶಿಪ್ಪಿಂಗ್) ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ.