ಲ್ಯಾಪ್‌ಟಾಪ್ ಪರದೆ ಮಿಟುಕುವ ದೋಷ: ಪತ್ತೆ, ದುರಸ್ತಿ ಮತ್ತು ಗ್ರಾಮ ಪಂಚಾಯತಿ ವಹಿಸಬೇಕಾದ ಎಚ್ಚರಿಕೆ

ಶಿಡ್ಲಘಟ್ಟ ತಾಲ್ಲೂಕಿನ ಗ್ರಾಮ ಪಂಚಾಯತಿ ಕಚೇರಿಗಳಲ್ಲಿ ಲ್ಯಾಪ್‌ಟಾಪ್ ಇಂದು ರಿಜಿಸ್ಟರು ಹಾಗೂ ರಸೀದಿ ಪುಸ್ತಕಗಳಷ್ಟೇ ಅಗತ್ಯವಾದ ಸಾಧನವಾಗಿದೆ. ಪಂಚತಂತ್ರ 2.0 ತಂತ್ರಾಂಶದಲ್ಲಿ ತೆರಿಗೆ ವಿವರ ದಾಖಲಿಸುವುದು, ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ-9 ಮತ್ತು ನಮೂನೆ-11 ಸಿದ್ಧಪಡಿಸುವುದು, ಉದ್ಯೋಗ ಖಾತರಿ ಕಾಮಗಾರಿಗಳ ವಿವರ ನಮೂದಿಸುವುದು ಇವೆಲ್ಲವೂ ಪರದೆಯನ್ನು ನೋಡಿಯೇ ಆಗಬೇಕಾದ ಕೆಲಸಗಳು.

ರೇಷ್ಮೆಹುಳು ಸಾಕುವ ಕುಟುಂಬವೊಂದು ಬ್ಯಾಂಕ್ ಸಾಲಕ್ಕಾಗಿ ನಮೂನೆ-9 ಪಡೆಯಲು ಕಚೇರಿಗೆ ಬಂದಿದೆ ಎಂದು ಭಾವಿಸೋಣ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳಿಗೆ ದಿನಕ್ಕೆ ಹಲವು ಬಾರಿ ಸೊಪ್ಪು ಹಾಕಬೇಕಾದ ದಿನಗಳಲ್ಲಿ "ಪರದೆ ಸರಿಯಿಲ್ಲ, ನಾಳೆ ಬನ್ನಿ" ಎಂಬ ಉತ್ತರ ಆ ಕುಟುಂಬಕ್ಕೆ ದುಬಾರಿಯಾಗುತ್ತದೆ. ಇದಕ್ಕಿಂತ ಗಂಭೀರವಾದ ಅಪಾಯವೂ ಇದೆ. ಮಿಟುಕುವ ಪರದೆಯಲ್ಲಿ 3 ಎಂಬ ಅಂಕಿ 8ರಂತೆ ಕಂಡು ನಿವೇಶನದ ಅಳತೆ ತಪ್ಪಾಗಿ ನಮೂದಾಗಬಹುದು. ಡಿಜಿಟಲ್ ಸಹಿಯಾದ ಬಳಿಕ ಅಂತಹ ತಪ್ಪನ್ನು ಸರಿಪಡಿಸುವುದು ಸುಲಭವಲ್ಲ. ಆದುದರಿಂದ ಈ ದೋಷದ ಸ್ವರೂಪವನ್ನು ಸದಸ್ಯರು ತಿಳಿದಿರುವುದು ಸೂಕ್ತ.

1. ದೋಷ ಎಲ್ಲಿಂದ ಬರುತ್ತದೆ

ಪರದೆ ಮಿಟುಕಲು ಸಾಮಾನ್ಯವಾಗಿ ನಾಲ್ಕು ಮೂಲಗಳಿವೆ. ಮೊದಲನೆಯದು ವಿದ್ಯುತ್: ಹಾಳಾದ ಚಾರ್ಜರ್, ಸಡಿಲವಾದ ಪ್ಲಗ್ ಅಥವಾ ಸರಿಯಾದ ಅರ್ಥಿಂಗ್ ಇಲ್ಲದಿರುವುದು. ಎರಡನೆಯದು ತಂತ್ರಾಂಶ: ಪರದೆಯನ್ನು ನಿಯಂತ್ರಿಸುವ ಡಿಸ್‌ಪ್ಲೇ ಡ್ರೈವರ್ ಅಥವಾ ಅದಕ್ಕೆ ಹೊಂದದ ಬೇರೊಂದು ಪ್ರೋಗ್ರಾಂ. ಮೂರನೆಯದು ಕೇಬಲ್: ಮದರ್‌ಬೋರ್ಡ್‌ನಿಂದ ಪರದೆಗೆ ಹೋಗುವ ತೆಳುವಾದ ಕೇಬಲ್ ಮುಚ್ಚಳದ ಹಿಂಜಿನ ಮೂಲಕ ಹಾದುಹೋಗುವುದರಿಂದ, ದಿನನಿತ್ಯ ತೆರೆದು ಮುಚ್ಚುವಾಗ ಸವೆಯುತ್ತದೆ ಅಥವಾ ಸಡಿಲಗೊಳ್ಳುತ್ತದೆ. ನಾಲ್ಕನೆಯದು ಪರದೆಯ ಫಲಕ, ಅದರ ಹಿಂಬೆಳಕು ಅಥವಾ ಮದರ್‌ಬೋರ್ಡ್.

ಮೊದಲ ಎರಡು ಮೂಲಗಳ ದೋಷವನ್ನು ಬಹುತೇಕ ಕಚೇರಿಯಲ್ಲಿಯೇ ಸರಿಪಡಿಸಬಹುದು. ಉಳಿದೆರಡಕ್ಕೆ ತಂತ್ರಜ್ಞರ ಅಗತ್ಯವಿದೆ. ಮೂಲ ಯಾವುದೆಂದು ತಿಳಿಯದೆ ಪರದೆಯನ್ನೇ ಬದಲಾಯಿಸಿದರೆ ಪಂಚಾಯತಿ ನಿಧಿ ವ್ಯರ್ಥವಾಗುತ್ತದೆ.

2. ಕಚೇರಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ದೋಷ ಕಂಡ ಕೂಡಲೇ ನಡೆಯುತ್ತಿರುವ ಕೆಲಸವನ್ನು ಉಳಿಸಿ, ಕಡತಗಳ ಪ್ರತಿ ತೆಗೆದಿಡಬೇಕು. ಬಳಿಕ ಈ ಕೆಳಗಿನ ಪರೀಕ್ಷೆಗಳನ್ನು ಅನುಕ್ರಮವಾಗಿ ಮಾಡಬಹುದು.

ಅ) ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಮಾತ್ರ ನಡೆಸಿ ನೋಡುವುದು. ಮಿಟುಕು ನಿಂತರೆ ಚಾರ್ಜರ್ ಅಥವಾ ಗೋಡೆಯ ಪ್ಲಗ್ಗಿನ ಮೇಲೆ ಸಂಶಯ ಪಡಬೇಕು. ಅದೇ ಲ್ಯಾಪ್‌ಟಾಪಿಗೆ ಹೊಂದುವ ಬೇರೆ ಚಾರ್ಜರನ್ನು ಬೇರೆ ಪ್ಲಗ್ಗಿನಲ್ಲಿ ಹಾಕಿ ಖಚಿತಪಡಿಸಿಕೊಳ್ಳಬಹುದು.

ಆ) ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಗಳನ್ನು ಒಟ್ಟಿಗೆ ಒತ್ತುವುದು. ಇದರಿಂದ ಡಿಸ್‌ಪ್ಲೇ ಡ್ರೈವರ್ ಮರುಪ್ರಾರಂಭವಾಗುತ್ತದೆ; ತೆರೆದಿರುವ ಕಡತಗಳು ಮುಚ್ಚುವುದಿಲ್ಲ. ಫಲ ಸಿಗದಿದ್ದರೆ ಲ್ಯಾಪ್‌ಟಾಪನ್ನು ಒಮ್ಮೆ ಪೂರ್ಣವಾಗಿ ಮರುಪ್ರಾರಂಭಿಸಬೇಕು.

ಇ) ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಗಳನ್ನು ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಉಳಿದೆಲ್ಲವೂ ಮಿಟುಕುತ್ತಿದ್ದು ಟಾಸ್ಕ್ ಮ್ಯಾನೇಜರ್ ಮಾತ್ರ ಸ್ಥಿರವಾಗಿದ್ದರೆ ಯಾವುದೋ ಪ್ರೋಗ್ರಾಂ ದೋಷಕ್ಕೆ ಕಾರಣವಾಗಿರುವ ಸಂಭವವಿದೆ. ಇತ್ತೀಚೆಗೆ ಹಾಕಿದ ಪ್ರೋಗ್ರಾಂ ತೆಗೆದು ನೋಡಬೇಕು. ಅದೂ ಮಿಟುಕಿದರೆ ಡ್ರೈವರ್ ಅಥವಾ ಯಂತ್ರಭಾಗದ ದೋಷವೆಂದು ತಿಳಿದು ಮುಂದಿನ ಪರೀಕ್ಷೆಗೆ ಹೋಗಬೇಕು.

ಈ) ಲ್ಯಾಪ್‌ಟಾಪ್ ಪ್ರಾರಂಭವಾಗುವಾಗ ವಿಂಡೋಸ್ ಬರುವ ಮೊದಲೇ ಬಯಾಸ್ ಪರದೆಯನ್ನು ತೆರೆಯುವುದು. ಅಲ್ಲಿ ವಿಂಡೋಸ್ ಡ್ರೈವರ್ ಕೆಲಸ ಮಾಡುವುದಿಲ್ಲ. ಅಲ್ಲಿಯೂ ಮಿಟುಕಿದರೆ ದೋಷ ಯಂತ್ರಭಾಗದಲ್ಲಿದೆ. ಅಲ್ಲಿ ಸ್ಥಿರವಾಗಿದ್ದು ವಿಂಡೋಸಿನಲ್ಲಿ ಮಾತ್ರ ಮಿಟುಕಿದರೆ, ತಯಾರಕರ ಅಧಿಕೃತ ಜಾಲತಾಣದಿಂದ ಡ್ರೈವರ್ ಹೊಸದಾಗಿ ಹಾಕಬೇಕು. ಅಪ್‌ಡೇಟ್ ಆದ ನಂತರ ದೋಷ ಆರಂಭವಾಗಿದ್ದರೆ ಹಿಂದಿನ ಡ್ರೈವರಿಗೆ ಮರಳಬೇಕು.

ಉ) ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಸರಿಸುವುದು. ಮುಚ್ಚಳದ ಕೋನ ಬದಲಾದಂತೆ ಮಿಟುಕು ಹೆಚ್ಚು ಕಡಿಮೆಯಾದರೆ ಕೇಬಲ್ ಸಡಿಲವಾಗಿದೆ ಎಂದು ಬಹುಮಟ್ಟಿಗೆ ಹೇಳಬಹುದು.

ಊ) ಕಚೇರಿಯ ಡೆಸ್ಕ್‌ಟಾಪ್ ಮಾನಿಟರನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ವಿಂಡೋಸ್ ಮತ್ತು ಪಿ ಕೀಗಳನ್ನು ಒತ್ತುವುದು. ಮಾನಿಟರಿನಲ್ಲಿ ಚಿತ್ರ ಸ್ಥಿರವಾಗಿದ್ದರೆ ಲ್ಯಾಪ್‌ಟಾಪಿನ ಕೇಬಲ್ ಅಥವಾ ಫಲಕದ್ದೇ ದೋಷ. ಡ್ರೈವರ್ ಸರಿಪಡಿಸಿದ ಮೇಲೂ ಎರಡರಲ್ಲಿಯೂ ಮಿಟುಕಿದರೆ ಗ್ರಾಫಿಕ್ಸ್ ಭಾಗ ಅಥವಾ ಮದರ್‌ಬೋರ್ಡ್ ಪರಿಶೀಲಿಸಬೇಕು. ಮಾನಿಟರ್ ಸ್ಥಿರವಾಗಿರುವ ಸಂದರ್ಭದಲ್ಲಿ ದುರಸ್ತಿಯಾಗುವವರೆಗೂ ಅದರಲ್ಲಿಯೇ ಸಾರ್ವಜನಿಕರ ಕೆಲಸ ಮುಂದುವರಿಸಬಹುದು. ಅರ್ಜಿದಾರರನ್ನು ಹಿಂದೆ ಕಳುಹಿಸುವ ಅಗತ್ಯ ಬರುವುದಿಲ್ಲ.

3. ಮಾಡಬಾರದ ಕೆಲಸಗಳು

ಪರದೆಯನ್ನು ತಟ್ಟುವುದು, ಒತ್ತುವುದು, ಹಿಂಜನ್ನು ಬಲವಂತವಾಗಿ ತಿರುಗಿಸುವುದು ಸಲ್ಲದು. ಟಚ್‌ಪ್ಯಾಡ್ ಉಬ್ಬಿದ್ದರೆ ಅಥವಾ ತಳಭಾಗ ಏರಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅದು ಬೆಂಕಿಯ ಅಪಾಯ. ಕೂಡಲೇ ಬಳಕೆ ಮತ್ತು ಚಾರ್ಜಿಂಗ್ ನಿಲ್ಲಿಸಿ ತಂತ್ರಜ್ಞರಿಗೆ ತೋರಿಸಬೇಕು. ವಾರಂಟಿ ಇರುವ ಲ್ಯಾಪ್‌ಟಾಪನ್ನು ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಿದರೆ ವಾರಂಟಿ ಕಳೆದುಕೊಳ್ಳುವ ಸಂಭವವಿರುತ್ತದೆ. ಆದ್ದರಿಂದ ಮೊದಲು ಖರೀದಿ ಬಿಲ್ಲಿನ ದಿನಾಂಕವನ್ನು ಪರಿಶೀಲಿಸಬೇಕು.

4. ದುರಸ್ತಿಗೆ ಕಳುಹಿಸುವಾಗ

ಪಂಚಾಯತಿ ಲ್ಯಾಪ್‌ಟಾಪಿನಲ್ಲಿ ಫಲಾನುಭವಿಗಳ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಹಾಗೂ ಆಸ್ತಿ ದಾಖಲೆಗಳ ಸ್ಕ್ಯಾನ್ ಪ್ರತಿಗಳಿರುತ್ತವೆ. ಪಂಚತಂತ್ರ ಮತ್ತು ಇ-ಸ್ವತ್ತು ದಾಖಲೆಗಳು ಸರ್ವರಿನಲ್ಲಿರುವುದರಿಂದ ಪರದೆ ಕೆಟ್ಟ ಮಾತ್ರಕ್ಕೆ ಅವು ನಾಶವಾಗುವುದಿಲ್ಲ. ಆದರೆ ಲ್ಯಾಪ್‌ಟಾಪಿನಲ್ಲಿಯೇ ಇರುವ ಕಡತಗಳು ಅನ್ಯರ ಕೈಗೆ ಹೋಗಬಹುದು. ಆದ್ದರಿಂದ ಕಳುಹಿಸುವ ಮುನ್ನ ಅವುಗಳ ಪ್ರತಿ ಉಳಿಸಿಕೊಂಡು ಲ್ಯಾಪ್‌ಟಾಪಿನಿಂದ ತೆಗೆಯಬೇಕು. ಡಿಜಿಟಲ್ ಸಹಿಯ ಟೋಕನನ್ನು ಯಾವ ಕಾರಣಕ್ಕೂ ಲ್ಯಾಪ್‌ಟಾಪಿನೊಂದಿಗೆ ನೀಡಬಾರದು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸಬೇಕು.

ದುರಸ್ತಿಗಾರರಿಂದ ದೋಷದ ಕಾರಣ, ಬದಲಾಯಿಸುವ ಬಿಡಿಭಾಗ ಹಾಗೂ ವೆಚ್ಚವನ್ನು ಬರಹದಲ್ಲಿ ಪಡೆಯಬೇಕು. ಕೇಬಲ್ ಬದಲಾವಣೆಯ ವೆಚ್ಚಕ್ಕೂ ಫಲಕ ಬದಲಾವಣೆಯ ವೆಚ್ಚಕ್ಕೂ ಬಹಳ ಅಂತರವಿರುವುದರಿಂದ, ಮೇಲಿನ ಪರೀಕ್ಷೆಗಳ ಫಲಿತಾಂಶವನ್ನು ಅವರಿಗೆ ತಿಳಿಸುವುದು ಒಳಿತು. ಲ್ಯಾಪ್‌ಟಾಪಿನ ಸೀರಿಯಲ್ ಸಂಖ್ಯೆ, ಕಳುಹಿಸಿದ ಹಾಗೂ ಮರಳಿ ಬಂದ ದಿನಾಂಕಗಳನ್ನು ದಾಸ್ತಾನು ವಹಿಯಲ್ಲಿ ನಮೂದಿಸಬೇಕು. ದುರಸ್ತಿಗೆ ಯೋಗ್ಯವಲ್ಲದ ಉಪಕರಣವನ್ನು ಗುಜರಿಗೆ ಹಾಕದೆ, 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ನೋಂದಾಯಿತ ಸಂಸ್ಕರಣಾ ಘಟಕಕ್ಕೆ ತಲುಪಿಸಬೇಕು.

5. ಸದಸ್ಯರು ಗಮನಿಸಬೇಕಾದುದು

ಲ್ಯಾಪ್‌ಟಾಪ್ ದುರಸ್ತಿಯ ಬಿಲ್ಲು ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಬಹುದು: ಬೇರೆ ಮಾನಿಟರ್ ಜೋಡಿಸಿ ನೋಡಲಾಯಿತೇ? ವಾರಂಟಿ ಅವಧಿ ಪರಿಶೀಲಿಸಲಾಯಿತೇ? ದುರಸ್ತಿಯ ಅವಧಿಯಲ್ಲಿ ಅರ್ಜಿಗಳ ವಿಲೇವಾರಿಗೆ ಏನು ವ್ಯವಸ್ಥೆ ಮಾಡಲಾಯಿತು? ಸಕಾಲ ವ್ಯಾಪ್ತಿಯ ಸೇವೆಗಳಿಗೆ ನಿಗದಿತ ಅವಧಿ ಇರುವುದರಿಂದ ಮೂರನೆಯ ಪ್ರಶ್ನೆ ಮುಖ್ಯವಾದುದು. ಪರದೆ ಮಿಟುಕುತ್ತಿರುವಾಗ ಆಸ್ತಿಯ ಅಳತೆ, ಚೆಕ್ಕುಬಂದಿ ಅಥವಾ ಬ್ಯಾಂಕ್ ಖಾತೆ ಸಂಖ್ಯೆಗಳನ್ನು ನಮೂದಿಸದಂತೆ ಸಿಬ್ಬಂದಿಗೆ ಸೂಚಿಸುವುದು, ಅನಿವಾರ್ಯವಾಗಿ ನಮೂದಿಸಿದ್ದಲ್ಲಿ ಸಹಿಗೆ ಮುನ್ನ ಮುದ್ರಿತ ಪ್ರತಿಯನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಿಸುವುದು ಅಗತ್ಯ. ಒಂದು ಅಂಕಿಯ ತಪ್ಪಿನಿಂದ ಒಂದು ಕುಟುಂಬ ತಿಂಗಳುಗಟ್ಟಲೆ ಕಚೇರಿಗೆ ಅಲೆಯುವುದನ್ನು ಈ ಎಚ್ಚರಿಕೆ ತಪ್ಪಿಸುತ್ತದೆ.