ಬಡ್ಡಿ ಇಳಿದರೂ ಇಳಿಯದ ಹೊರೆ

ದೇವರು ಕೊಟ್ಟರೂ ಪೂಜಾರಿ ಬಿಡನೆಂಬ ಗಾದೆಯ ಅರ್ಥವನ್ನು ಅಮೆರಿಕದ ಲಕ್ಷಾಂತರ ಗೃಹಸ್ಥರು 2008ರ ಅನಂತರ ತಮ್ಮ ಮನೆಯಲ್ಲಿಯೇ ಕಂಡುಕೊಂಡರು.

2007ರ ಸೆಪ್ಟೆಂಬರಿನ ಆದಿಯಲ್ಲಿ ಆ ದೇಶದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ ಬಡ್ಡಿಯ ದರ ನೂರಕ್ಕೆ 5.25 ಇದ್ದಿತು. 2008ರ ಡಿಸೆಂಬರಿನ ಹೊತ್ತಿಗೆ ಅದು ಬಹುಮಟ್ಟಿಗೆ ಸೊನ್ನೆಗೆ ಇಳಿಯಿತು. ಮನೆಸಾಲದ ಬಡ್ಡಿಯೂ ನೂರಕ್ಕೆ 6ನ್ನು ಮೀರಿದ್ದುದು 2009ರಲ್ಲಿ ಸುಮಾರು 5ಕ್ಕೆ ಬಂದಿತು. ಬಡ್ಡಿ ಇಳಿದರೆ ಕಂತು ಇಳಿಯುವುದು, ಉಳಿದ ಹಣ ಅಂಗಡಿಗೆ ಹೋಗುವುದು, ಅಂಗಡಿಯಿಂದ ಕಾರ್ಖಾನೆಗೆ ಜೀವ ಬರುವುದು ಎಂಬುದೇ ಈ ನೀತಿಯ ತಿರುಳು.

ಆದರೆ ಅಮೆರಿಕದ ಮನೆಸಾಲಗಳಲ್ಲಿ ಹೆಚ್ಚಿನವು 30 ವರ್ಷಗಳ ಸ್ಥಿರ ಬಡ್ಡಿಯವು. ಹಳೆಯದನ್ನು ತೀರಿಸಿ ಹೊಸ ಸಾಲ ಪಡೆದವನಿಗಲ್ಲದೆ ಇಳಿದ ಬಡ್ಡಿಯ ಫಲ ದಕ್ಕದು. ಹೊಸ ಸಾಲವಾದರೋ ಮನೆಯ ಬೆಲೆಯ ನೂರಕ್ಕೆ 80ರ ಒಳಗಿದ್ದರೆ ಸುಲಭವಾಗಿ ದೊರೆಯುವುದು. ಅದನ್ನು ಮೀರಿದರೆ ವಿಮೆ ಮೊದಲಾದ ತೊಡಕುಗಳು.

ಒಬ್ಬ ಗೃಹಸ್ಥನು ನೂರಕ್ಕೆ 6.5ರ ಬಡ್ಡಿಗೆ 1,90,000 ಡಾಲರು ಸಾಲ ಮಾಡಿ 2,00,000 ಡಾಲರಿನ ಮನೆ ಕೊಂಡನೆಂದು ಭಾವಿಸಬಹುದು. ಬಡ್ಡಿ 5ಕ್ಕೆ ಇಳಿದರೆ ಅವನಿಗೆ ತಿಂಗಳಿಗೆ ಸುಮಾರು 180 ಡಾಲರು ಉಳಿಯಬೇಕು. ಆದರೆ ಮನೆಯ ಬೆಲೆ 1,40,000ಕ್ಕೆ ಕುಸಿದಿದೆ. ಸಾಲಕ್ಕಿಂತ ಆಸ್ತಿಯೇ ಕಡಿಮೆಯಾದವನಿಗೆ ಹೊಸ ಸಾಲ ಕೊಡುವವರಾರು? ಮಾರಿದರೂ ಋಣ ತೀರದು. ನೆವಾಡಾ, ಅರಿಜೋನಾ, ಫ್ಲಾರಿಡಾ ರಾಜ್ಯಗಳಲ್ಲಿ ಇಂಥವರ ಸಂಖ್ಯೆ ಬಹಳವಾಗಿತ್ತು. ನೌಕರಿಯೂ ಹೋದವರ ಪಾಡು ಹೇಳತೀರದು. ಹೀಗೆ ಅನುಕೂಲಸ್ಥರು ಕಂತನ್ನು ತಗ್ಗಿಸಿಕೊಂಡರು. ಸಂಕಟದಲ್ಲಿದ್ದವರು ಹಳೆಯ ಬಡ್ಡಿಯನ್ನೇ ತೆರುತ್ತ, ಸಂಸಾರದ ಖರ್ಚಿಗೆ ಕತ್ತರಿ ಹಾಕಿದರು. ನೆರವು ಯಾರ ಕೈ ಸೇರಿದರೆ ಬೇಗ ಖರ್ಚಾಗುತ್ತಿತ್ತೋ ಅವರನ್ನೇ ಅದು ಮುಟ್ಟಲಿಲ್ಲ.

ಸರಕಾರ ಇದನ್ನು ಅರಿಯದೆ ಇರಲಿಲ್ಲ. ಫ್ಯಾನಿ ಮೇ, ಫ್ರೆಡಿ ಮ್ಯಾಕ್ ಸಂಸ್ಥೆಗಳ ಸಾಲಗಳಿಗಾಗಿ 2009ರಲ್ಲಿ 'ಹಾರ್ಪ್' ಯೋಜನೆ ಬಂದಿತು. ಸಾಲವು ಬೆಲೆಯ ನೂರಕ್ಕೆ 105ರವರೆಗೆ ಇರಬಹುದೆಂದು ಮೊದಲು ಗೊತ್ತುಮಾಡಿ, ಅದೇ ವರ್ಷ 125ಕ್ಕೆ ಏರಿಸಿದರು. ಮೇಲೆ ಹೇಳಿದ ಗೃಹಸ್ಥನ ಸಾಲವೋ ನೂರಕ್ಕೆ 136ನ್ನು ಸಮೀಪಿಸಿತ್ತು! ಆ ಮಿತಿಯನ್ನು ತೆಗೆದುಹಾಕುವ ನಿರ್ಧಾರ 2011ರ ಅಕ್ಟೋಬರಿನಲ್ಲಿ ಹೊರಬಿದ್ದ ಮೇಲೆಯೇ ಅಂಥವನಿಗೆ ದಾರಿ ತೆರೆಯಿತು. 2018ರಲ್ಲಿ ಯೋಜನೆ ಮುಗಿಯುವ ವೇಳೆಗೆ 30 ಲಕ್ಷಕ್ಕೂ ಮಿಕ್ಕ ಸಾಲಗಳು ಹೀಗೆ ಹೊಸದಾಗಿದ್ದವು.

ಬಡ್ಡಿಯ ದರವನ್ನು ಒಂದು ದಿನದ ಸಭೆಯಲ್ಲಿ ಇಳಿಸಬಹುದು. ಮುಳುಗಿದವನ ಮನೆಯ ಬಾಗಿಲಿಗೆ ಅದನ್ನು ಮುಟ್ಟಿಸಲು ಅಮೆರಿಕಕ್ಕೆ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಅನೇಕರ ಮನೆಯೇ ಕೈಬಿಟ್ಟು ಹೋಗಿತ್ತು.