ಮೂವತ್ತು–ನಲವತ್ತರ ಸೈಟಿನ ದೂಳು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಮನೆ ಕಟ್ಟುವ ಜಾಗ ದೂರದಿಂದಲೇ ಗೊತ್ತಾಗುತ್ತದೆ. ರಸ್ತೆಯ ಅರ್ಧದವರೆಗೆ ಎಂ-ಸ್ಯಾಂಡ್ ರಾಶಿ, ಪಕ್ಕದಲ್ಲಿ ಜಲ್ಲಿ, ಹಳೆ ಮನೆ ಕೆಡವಿದ್ದರೆ ಇಟ್ಟಿಗೆ ಚೂರು. ಟಿಪ್ಪರ್ ಸುರಿದು ಹೋದ ಮೇಲೆ ಅದನ್ನು ಮುಚ್ಚುವವರಿಲ್ಲ. ಹಾದುಹೋಗುವ ಬೈಕು, ಆಟೊಗಳ ಚಕ್ರಕ್ಕೆ ಸಿಕ್ಕಿ ಅರೆದದ್ದೆಲ್ಲ ಎದುರು ಮನೆಯ ಕಿಟಕಿಯೊಳಗೆ ಸೇರುತ್ತದೆ.

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಗಾಳಿಯಲ್ಲಿ ತೇಲುವ ಪಿಎಂ10 ಎಂಬ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15. ವಾಹನಗಳ ಹೊಗೆಯ ಪಾಲು ದೊಡ್ಡದು, ನಿಜ. ಆದರೆ ಹೊಗೆ ಇಳಿಯಲು ಎಂಜಿನ್ನು, ಇಂಧನ, ಬಸ್ಸು, ಮೆಟ್ರೊ ಎಲ್ಲವೂ ಬದಲಾಗಬೇಕು. ಮರಳಿನ ರಾಶಿಗೆ ಟಾರ್ಪಾಲ್ ಹೊದಿಸಲು ಅಷ್ಟೊಂದು ಕಾಯಬೇಕಿಲ್ಲ.

ನಿಯಮಗಳಿಗೂ ಕೊರತೆಯಿಲ್ಲ. ಕೇಂದ್ರ ಪರಿಸರ ಸಚಿವಾಲಯದ 2018ರ ಜನವರಿಯ ಅಧಿಸೂಚನೆಯ ಪ್ರಕಾರ ಕಟ್ಟಡ ಸಾಮಗ್ರಿಯನ್ನು ರಸ್ತೆಬದಿ ಹಾಕುವಂತಿಲ್ಲ, ಬಯಲಿನಲ್ಲಿ ಕಲ್ಲು–ಟೈಲ್ಸ್ ಕತ್ತರಿಸುವಂತಿಲ್ಲ, ಮುಚ್ಚದ ಲಾರಿಯಲ್ಲಿ ಸಾಗಿಸುವಂತಿಲ್ಲ. ದೂಳು ತಡೆಗೆ ಏನೇನು ಮಾಡಲಾಗಿದೆ ಎಂಬ ಫಲಕವನ್ನು ಜನರಿಗೆ ಕಾಣುವಂತೆ ಹಾಕಬೇಕೆಂದೂ ಅದರಲ್ಲಿದೆ.

ತೊಡಕಿರುವುದು ನಿಗಾದಲ್ಲಿ. 20,000 ಚದರ ಮೀಟರ್ ಮೀರಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಹಾಗಾಗಿ ಅಲ್ಲಿ ಎತ್ತರದ ತಗಡಿನ ಬೇಲಿ, ಹಸಿರು ಪರದೆ, ನೀರು ಚಿಮುಕಿಸುವ ಯಂತ್ರ ಕೆಲವೆಡೆಯಾದರೂ ಕಾಣುತ್ತವೆ. ಕಟ್ಟಡ ತ್ಯಾಜ್ಯ ನಿರ್ವಹಣೆಗೆ 2025ರಲ್ಲಿ ಪ್ರಕಟವಾಗಿ 2026ರ ಏಪ್ರಿಲ್‌ನಿಂದ ಅನ್ವಯವಾಗುವ ಹೊಸ ನಿಯಮಗಳಲ್ಲೂ ಉತ್ಪಾದಕರ ಹೊಣೆಗಾರಿಕೆ ಶುರುವಾಗುವುದು ಇದೇ 20,000ದಿಂದ. ಮೂವತ್ತು–ನಲವತ್ತರ ಸೈಟು ಬರೀ 1,200 ಚದರ ಅಡಿ. ಅದರ ಬಾಗಿಲಿಗೆ ದೂಳಿನ ಲೆಕ್ಕ ಕೇಳಲು ಯಾರು ಬರುತ್ತಾರೆ? ಬಡಾವಣೆಗಳು ಬೆಳೆಯುತ್ತಿರುವುದು ಮಾತ್ರ ಇಂಥ ಮನೆಗಳಿಂದಲೇ.

ಆ ದೂಳನ್ನು ಮೊದಲು ಕುಡಿಯುವವರು ಕೆಲಸಗಾರರು. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಹುಡುಗ ಮೂಗಿಗೆ ಟವೆಲ್ ಸುತ್ತಿ, ಕುಕ್ಕರುಗಾಲಲ್ಲಿ ಕೂತು ಕಟಿಂಗ್ ಮಷಿನ್‌ನಿಂದ ಗ್ರಾನೈಟ್ ಕೊಯ್ಯುತ್ತಾನೆ. ಗ್ರಾನೈಟಿನಲ್ಲಿರುವುದು ಸಿಲಿಕಾ. ಅದರ ಹರಳಿನ ಪುಡಿ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ಒಮ್ಮೆ ಬಂದರೆ ವಾಸಿಯಾಗದು. ತೀರಾ ಸಣ್ಣ ಕಣಗಳನ್ನು ಟವೆಲ್ ತಡೆಯುವುದಿಲ್ಲ. ಬ್ಲೇಡಿನ ಮೇಲೆ ನೀರು ಬೀಳುವಂತೆ ಪೈಪು ಕಟ್ಟಿ ಕೊಯ್ದರೆ ಪುಡಿ ಕೆಸರಾಗಿ ಕೆಳಗೆ ಇಳಿಯುತ್ತದೆ, ಗಾಳಿಗೆ ಏರುವ ಪಾಲು ಬಹಳಷ್ಟು ತಗ್ಗುತ್ತದೆ. ಲಕ್ಷಗಟ್ಟಲೆ ಖರ್ಚಿನ ಮನೆಗೆ ಆ ಪೈಪು ಯಾವ ಭಾರ? ಮೇಸ್ತ್ರಿಗೆ ಹೇಳುವವರು ಬೇಕು, ಅಷ್ಟೆ.

ನೀರೆಲ್ಲಿದೆ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಸಹಜ. 2024ರ ಮಾರ್ಚ್‌ನ ಬರದಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ದೂಳು ಅಡಗಿಸಲು ಕಾವೇರಿ ನೀರು ಬೇಕಾಗಿಯೂ ಇಲ್ಲ. ರಾಶಿಗೆ, ರಸ್ತೆಗೆ ಚಿಮುಕಿಸಲು ಸಂಸ್ಕರಿಸಿದ ನೀರು ಸಾಲುತ್ತದೆ. ನಕ್ಷೆ ಮಂಜೂರು ಮಾಡುವ ಪಾಲಿಕೆಗಳು ಟಾರ್ಪಾಲ್, ಪರದೆ, ನೀರು ಬಿಟ್ಟು ಕೊಯ್ಯುವುದು – ಈ ಮೂರನ್ನೂ ಮಂಜೂರಾತಿಯ ಷರತ್ತಿನಲ್ಲೇ ಬರೆದು, ತಳಪಾಯದ ಹೊತ್ತಿಗೊಮ್ಮೆ, ಟೈಲ್ಸ್ ಕೆಲಸದ ಹೊತ್ತಿಗೊಮ್ಮೆ ಎಂಜಿನಿಯರನ್ನು ಕಳಿಸಿ ನೋಡುವಂತಾಗಬೇಕು.